ಆರು ಮಂದಿಗೆ ಆಗುವಷ್ಟು ವೈಫೈ

ಮಹಾಂತಪ್ಪನವರು ದಾಂಡೇಲಿಯ ಕಾಗದದ ಮಿಲ್ಲಿನ ಸ್ಟೋರ್ಸಿನಲ್ಲಿ ಮೂವತ್ತೊಂದು ವರ್ಷ ಖರೀದಿ ಗುಮಾಸ್ತರಾಗಿದ್ದರು. ಗುಮಾಸ್ತ ಎಂಬ ಮಾತು ಅವರಿಗೆ ಸೇರುತ್ತಿರಲಿಲ್ಲ. ‘ಖರೀದಿ ವಿಭಾಗ ನನ್ನ ಕಡೆ ಇತ್ತು’ ಎನ್ನುತ್ತಿದ್ದರು. ಆ ವಿಭಾಗದಲ್ಲಿ ಅವರಲ್ಲದೆ ಒಂದು ಕಪಾಟು ಮತ್ತು ಗರಗರ ಎನ್ನುವ ಒಂದು ಫ್ಯಾನು ಇದ್ದವು. ಮೂರು ಅಂಗಡಿಗಳಿಂದ ಕೊಟೇಶನ್ ತರಿಸದೆ, ಮೂರನ್ನೂ ಉದ್ದ ಹಾಳೆಯಲ್ಲಿ ಪಕ್ಕಪಕ್ಕ ಬರೆದು ಹೋಲಿಸದೆ, ಅವರು ಒಂದು ಕಸಬರಿಗೆಯನ್ನೂ ಕೊಂಡವರಲ್ಲ.

ಮದುವೆಗೂ ಇದೇ ಪದ್ಧತಿ. ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಸವದತ್ತಿ ಕಡೆಯಿಂದ ಮೂರು ಹುಡುಗಿಯರ ಸುದ್ದಿ ಬಂದಿತ್ತು. ಮೂವರನ್ನೂ ನೋಡಿ ಬಂದು, ಹಾಳೆಗೆ ಗೆರೆ ಎಳೆದು, ಮನೆತನ, ಓದು, ಸ್ವಭಾವ ಎಂದು ಅಂಕಣ ಹಾಕಿ ತುಂಬುತ್ತ ಕೂತರು. ಹಾಳೆಯಲ್ಲಿ ಎರಡನೆಯವಳಾದ ಸಕ್ಕುಬಾಯಿಗೆ ಹೆಚ್ಚು ಅಂಕ ಬಿದ್ದವು. ಆ ಲೆಕ್ಕ ಮುಗಿಯುವ ಹೊತ್ತಿಗೆ ಮೂವರಿಗೂ ಬೇರೆ ಕಡೆ ಮದುವೆಯಾಗಿ, ಸಕ್ಕುಬಾಯಿಯ ಮಡಿಲಲ್ಲಿ ಕೂಸೂ ಇತ್ತು. ಮಹಾಂತಪ್ಪನವರು ಹಾಳೆಯನ್ನು ಫೈಲಿಗೆ ಹಾಕಿದರು. ಆಮೇಲೆ ತಾಯಿ ಸತ್ತೆವ್ವ, ಮಿಲ್ಲಿನ ಕ್ವಾರ್ಟರ್ಸು, ಸ್ಟೋರ್ಸಿನ ಕಿಟಕಿಯ ಮುಂದೆ ದಿನವಿಡೀ ‘ಸಾಹೇಬ್ರ, ನಮ್ಮ ಬೇರಿಂಗ್ ಬಂತೇನ್ರಿ?’ ಎಂದು ಇಣುಕುವ ಮಂದಿ, ಇಷ್ಟರಲ್ಲೇ ಬದುಕು ನಡೆಯಿತು. ಎಂಟು ವರ್ಷದ ಹಿಂದೆ ಸತ್ತೆವ್ವ ಹೋದಳು. ಹೋದ ವರ್ಷ ನಿವೃತ್ತಿಯಾಯಿತು. ಕ್ವಾರ್ಟರ್ಸು ಬಿಟ್ಟು ಹಳಿಯಾಳ ರಸ್ತೆಯ ಹೊಸ ಬಡಾವಣೆಯಲ್ಲಿ ತಾವೇ ಕಟ್ಟಿಸಿದ್ದ ಕೆಂಪುಕಲ್ಲಿನ ಮನೆಗೆ ಬಂದರು. ಅಲ್ಲಿ ಕಿಟಕಿಗಳು ಬೇಕಾದಷ್ಟಿದ್ದವು. ಇಣುಕುವವರು ಯಾರೂ ಇರಲಿಲ್ಲ.

ಫೆಬ್ರುವರಿ ಕೊನೆಗೆ ಫೈಬರ್ ಕಂಪನಿಯವರು ಬಡಾವಣೆಗೆಲ್ಲ ವೈರು ಎಳೆದರು. ಮಹಾಂತಪ್ಪನವರೂ ಹೆಸರು ಬರೆಸಿದರು. ಯಾಕೆ ಬೇಕು ಎಂದು ಯಾರೂ ಕೇಳಲಿಲ್ಲ. ಕಂಪನಿಯ ಆಳು ವೈರಿನ ಸುರುಳಿಯನ್ನು ಸೂರಿನ ಕೆಳಗಿನ ಮೊಳೆಗೆ ತೂಗುಹಾಕಿದ.

“ಗ್ವಾಡಿಗೆ ಹಚ್ಚೂ ಡಬ್ಬಿ ನಾವು ಕೊಡ್ತೇವ್ರಿ. ವೈಫೈ ರೂಟರ್ ಮಾತ್ರ ನೀವ ತರಬೇಕು. ಮಾರ್ಚ್ ಮೂವತ್ತೊಂದರ ಒಳಗ ಶುರು ಮಾಡ್ಕೋರಿ. ಇಲ್ಲಾಂದ್ರ ಈ ವೈರ್ ಬಿಚ್ಚಿ ಬಾಜೂ ಓಣಿಗೆ ಒಯ್ತೇವಿ ಮತ್ತ.”

ತಿಂಗಳು ಪೂರ್ತಿ ಇತ್ತು. ಮೂರು ಕೊಟೇಶನ್ನಿಗೆ ಸಾಕಾಗುವಷ್ಟು ಸಮಯ. ಮಹಾಂತಪ್ಪನವರು ಕಪಾಟಿನಿಂದ ಉದ್ದ ಹಾಳೆ ತೆಗೆದರು.

ಮೊದಲು ಹಳಿಯಾಳ. ಬಸ್ ಸ್ಟ್ಯಾಂಡಿನ ಎದುರಿನ ಕಂಪ್ಯೂಟರ್ ಅಂಗಡಿಯವನು ಒಂದೇ ಪ್ರಶ್ನೆ ಕೇಳಿದ.

“ಮನ್ಯಾಗ ಎಷ್ಟ ಮಂದಿ ಅದೀರಿ?”

“ನಾ ಒಬ್ಬನ.”

“ಒಬ್ರಿಗೆ ರೂಟರ್ ಯಾಕ್ರಿ ಯಜಮಾನ್ರ? ಮೊಬೈಲಿಗೆ ರಿಚಾರ್ಜ್ ಮಾಡಿಸ್ಕೊಂಡ ಆರಾಮ ಇರ್ರಿ” ಎಂದವನೇ ಹಿಂದೆ ನಿಂತಿದ್ದ ಸಂಸಾರಸ್ಥನ ಕಡೆ ತಿರುಗಿದ. ಕೂಡ್ರಿ ಎಂದು ಯಾರೂ ಅನ್ನದೆ ಮಹಾಂತಪ್ಪನವರು ನಿಂತೇ ಇದ್ದರು, ನಿಂತಲ್ಲಿಂದಲೇ ಹಿಂದಿರುಗಿದರು. ಹಾಳೆಯ ಮೊದಲ ಅಂಕಣ ಖಾಲಿ ಉಳಿಯಿತು.

ಎರಡನೆಯದು ಮುಂಡಗೋಡ. ಎರಡು ಬಸ್ಸು ಬದಲಿಸಿ ಹೋದರು. ಟಿಬೆಟನ್ ಕಾಲೊನಿಯ ಮಠಗಳಿಗೆಲ್ಲ ತಾನೇ ವೈಫೈ ಹಾಕಿದ್ದೆಂದು ಹೇಳಿಕೊಳ್ಳುವ ಒಬ್ಬ ವ್ಯಾಪಾರಿ ಅದೇ ಪ್ರಶ್ನೆ ಕೇಳಿದ. ಹಳಿಯಾಳದ ಅನುಭವ ಇನ್ನೂ ಹಸಿಯಾಗಿತ್ತು. ಮಹಾಂತಪ್ಪನವರು ಗಂಟಲು ಸರಿಮಾಡಿಕೊಂಡು “ಇಬ್ಬರು” ಎಂದರು. ಕೂಡಲೇ ಒಂದು ಸ್ಟೂಲು ಬಂತು.

ಒಬ್ಬನಾದರೆ ನಿಂತಿರಬೇಕು, ಇಬ್ಬರಾದರೆ ಸ್ಟೂಲು. ಖರೀದಿಯಲ್ಲಿ ಪಳಗಿದ ಮನುಷ್ಯನಿಗೆ ದರ ಎಲ್ಲಿ ಹೇಗೆ ಏರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಮೂರನೆಯ ಅಂಗಡಿ ದಾಂಡೇಲಿಯ ಅಯಾಜನದು. ಮೂವತ್ತೈದರ ಆಸುಪಾಸಿನ ಅಯಾಜ ಜೊಯಿಡಾ ಕಡೆಯ ರಿಸಾರ್ಟುಗಳಿಗೆ ಕ್ಯಾಮೆರಾ, ವೈಫೈ ಜೋಡಿಸುತ್ತ ಹೆಸರು ಮಾಡಿದವನು. ಅವನು ಕೇಳಿದಾಗ ಮಹಾಂತಪ್ಪನವರು ತಡಮಾಡಲಿಲ್ಲ.

“ಆರು ಮಂದಿ.”

ಅಯಾಜ ಎದ್ದು ನಿಂತು ತನ್ನ ಕುರ್ಚಿಯನ್ನೇ ಎಳೆದು ಕೊಟ್ಟ. “ಕುಂದರ್ರಿ ಕಾಕಾ. ದೊಡ್ಡ ಮನಿ ಅಂದಮ್ಯಾಲೆ ಸ್ವಲ್ಪ ವಿಚಾರ ಮಾಡಬೇಕಾಗ್ತೈತಿ.” ಬಾಜೂ ಚಹಾದಂಗಡಿಯ ಮಹಾಬಳೇಶ್ವರನಿಗೆ ಕೂಗಿ ಒಂದು ಚಹಾ ತರಿಸಿದ. ಒಂದೇ ಒಂದು. ರಮಜಾನಿನ ಉಪವಾಸ ಶುರುವಾಗಿತ್ತು, ತನಗೆ ಹನಿ ನೀರೂ ಇಲ್ಲ. “ಈಗ ಹೇಳ್ರಿ, ಯಾರ್ಯಾರು ಏನೇನ ನೋಡ್ತಾರ?”

ಹೀಗೆ ಕೇಳಿದರೆ ಯಾರಾದರೂ ಏನು ಮಾಡಬೇಕು? ಮಹಾಂತಪ್ಪನವರು ಸಂಸಾರ ಹೂಡಿದರು. ಹೆಂಡತಿ ಸಕ್ಕುಬಾಯಿಗೆ ಅಡುಗೆಯ ವಿಡಿಯೋ. ಮಗ ರೋಹಿತನಿಗೆ ಸದಾ ಆಟ. ಮಗಳು ಲಕ್ಷ್ಮಿಗೆ ನರ್ಸಿಂಗಿನ ಪಾಠ. ಬಂದು ಆರು ತಿಂಗಳಾದರೂ ಹೋಗುವ ಮಾತೆತ್ತದ ಭಾವಮೈದುನನಿಗೆ ಕುಸ್ತಿ. ಹಿಂದಿನ ಕೋಣೆಯಲ್ಲಿ, ಕಿವಿ ಮಂದವಾದ ತಾಯಿ ಸತ್ತೆವ್ವನಿಗೆ ಭಜನೆ.

“ಹಿಂದಿನ ಖೋಲಿ ಎಷ್ಟ ದೂರ ಐತ್ರಿ?” ಅಯಾಜ ಬರೆದುಕೊಳ್ಳುತ್ತಿದ್ದ. “ಕೆಂಪಕಲ್ಲಿನ ಗ್ವಾಡಿ ಎರಡ ದಾಟಬೇಕಂದ್ರ ಸಾದಾ ರೂಟರ್ ನಡಿಯಂಗಿಲ್ಲ. ಅವ್ವಾರು ಮಕ್ಕೊಂಡಲ್ಲೇ ನೋಡ್ತಾರೋ, ಕುಂತು ನೋಡ್ತಾರೋ?”

“ಯಾಕ, ಅದಕ್ಕೂ ರೂಟರಿಗೂ ಏನ ಸಂಬಂಧ?”

“ಹಂಗಲ್ಲ, ಕೇಳಿದೆ ಅಷ್ಟ.”

ಮೂರು ಅಂಗಡಿಯೂ ಮುಗಿದಿದ್ದವು. ಪದ್ಧತಿಯ ಪ್ರಕಾರ ಹೋಲಿಸಿ, ಆರಿಸಿ, ಮುಗಿಸಬೇಕಿತ್ತು. ಆದರೆ ಮರುದಿನ ಹತ್ತು ಗಂಟೆಗೆ ಮಹಾಂತಪ್ಪನವರ ಕಾಲು ತಾನಾಗಿ ಅಯಾಜನ ಅಂಗಡಿಯ ಕಡೆ ನಡೆಯಿತು. ಮೂರನೆಯ ದಿನವೂ. ಹೋಗಲು ಕಾರಣ ಬೇಕಲ್ಲ, ಅದನ್ನು ಮನೆಮಂದಿ ಒದಗಿಸಿದರು. ನಾಲ್ಕು ಆಂಟೆನಾದ ರೂಟರು ತೋರಿಸಿದರೆ ಸಕ್ಕುಬಾಯಿಗೆ ಅದು ಗೋಡೆಯ ಮೇಲೆ ಕೂತ ಏಡಿಯಂತೆ ಕಂಡಿತು. ಆಂಟೆನಾ ಇಲ್ಲದ್ದು ತೋರಿಸಿದರೆ ರೋಹಿತ ಮುಖ ಗಂಟು ಹಾಕಿಕೊಂಡ. ಬಿಳಿ ಬಣ್ಣ ಹೊಗೆ ಹಿಡಿಯುತ್ತದೆ, ಕಪ್ಪು ಬಣ್ಣ ಅಮಂಗಳ. ಎರಡು ತುಂಡಿನ ಸೆಟ್ಟು ಚಲೋ, ಒಂದು ಪಡಸಾಲೆಗೆ, ಇನ್ನೊಂದು ಹಿಂದಿನ ಕೋಣೆಗೆ ಎಂದು ಅಯಾಜ ಹೇಳಿದರೆ, ಭಾವಮೈದುನ ‘ಎರಡ್ಯಾಕ ಬೇಕು’ ಎಂದು ತಕರಾರು ತೆಗೆದ.

“ಅವನ ಮನಿ ಅಲ್ಲ, ಅವನ ರೊಕ್ಕ ಅಲ್ಲ, ಅವನ ಮಾತು ಯಾಕ ಕೇಳ್ತೀರಿ ಕಾಕಾ?” ಎಂದು ಅಯಾಜ ನಿಜವಾಗಿಯೂ ಸಿಟ್ಟಾದ.

“ಏನ್ ಮಾಡೂದೋ ತಮ್ಮಾ. ಹೆಣ್ತಿ ಕಡೆಯವ.”

“ದೂಡಿ ಹೊರಗ ಹಾಕ್ರಿ ಒಮ್ಮೆ!”

ಮಹಾಂತಪ್ಪನವರು ದೀರ್ಘವಾಗಿ ಉಸಿರೆಳೆದರು. ಭಾವಮೈದುನನ ಕಾಟದಿಂದ ನೊಂದವರ ಮುಖ ಹೇಗಿರುತ್ತದೆಂದು ಅವರಿಗೆ ಗೊತ್ತಿತ್ತು, ಸ್ಟೋರ್ಸಿನಲ್ಲಿ ಅಂಥವರನ್ನು ಬಹಳ ನೋಡಿದ್ದರು. ಅದೇ ಮುಖವನ್ನು ಹಾಕಿಕೊಂಡು ಎದ್ದು ಬರುವಾಗ ಎದೆ ಹಗುರವಾಗಿತ್ತು. ಮನೆಯ ಬೀಗ ತೆಗೆದು ಒಳಗೆ ಕಾಲಿಟ್ಟ ಕ್ಷಣ ಅದು ಮತ್ತೆ ಭಾರವಾಯಿತು. ಒಂದು ತಟ್ಟೆ ತೊಳೆದು ಬೋರಲು ಹಾಕಿದ್ದು ಬೆಳಿಗ್ಗೆ ಇಟ್ಟಲ್ಲೇ ಇತ್ತು. ಮನೆಯಲ್ಲಿ ಯಾವುದೂ ತಾನಾಗಿ ಜಾಗ ಬದಲಿಸುತ್ತಿರಲಿಲ್ಲ.

ತಿಂಗಳು ಸರಿಯಿತು. ಕೊಂಡುಬಿಟ್ಟರೆ ಕುರ್ಚಿ ಹೋಗುತ್ತದೆ, ಚಹಾ ಹೋಗುತ್ತದೆ, ಮನೆಮಂದಿ ಎಲ್ಲರೂ ಒಂದೇ ದಿನ ಹೋಗುತ್ತಾರೆ. ಕೊಳ್ಳದಿದ್ದರೆ ವೈರು ಬಾಜೂ ಓಣಿಗೆ ಹೋಗುತ್ತದೆ, ಆಮೇಲೆ ಯಾವ ಮುಖ ಹೊತ್ತು ಅಂಗಡಿಗೆ ಹೋಗುವುದು? ಮಹಾಂತಪ್ಪನವರು ಉದ್ದ ಹಾಳೆಯ ಮುಂದೆ ಕೂತರು. ಎಷ್ಟು ಗೆರೆ ಎಳೆದರೂ ಈ ಎರಡಕ್ಕೆ ಮೂರನೆಯ ಅಂಕಣ ಹೊಳೆಯಲಿಲ್ಲ.

ಈ ಸಲ ಯುಗಾದಿ ಭಾನುವಾರ, ರಮಜಾನ್ ಹಬ್ಬ ಸೋಮವಾರ. ಸೋಮವಾರವೇ ಮೂವತ್ತೊಂದು. ಶನಿವಾರ ಅಯಾಜ ಕೈಮುಗಿದ.

“ಕಾಕಾ, ಇನ್ನ ಸಾಕು. ಕಂಪನಿಯವ್ರು ವೈರ್ ಬಿಚ್ಚಿದ್ರ ನನ್ನ ಕೇಳಬ್ಯಾಡ್ರಿ. ನಾಳೆ ಮುಂಜಾನೆ ಎರಡು ತುಂಡಿನ ಸೆಟ್ ತಗೊಂಡ ನಾನ ಬರ್ತೇನಿ. ಹಬ್ಬ ಐತಿ, ಎಲ್ಲಾರೂ ಮನ್ಯಾಗ ಇರ್ತಾರ. ಎಲ್ಲಾರ ಮೊಬೈಲಿಗೂ ಹಾಕಿಕೊಟ್ಟ ಹೋಗ್ತೇನಿ.”

“ನಾಳೆ ಎಲ್ಲಾರೂ ಅತ್ತಿವೇರಿಗೆ ಪಕ್ಷಿ ನೋಡಾಕ ಹೊಂಟಾರ” ಎಂದುಬಿಟ್ಟರು ಮಹಾಂತಪ್ಪನವರು.

“ಯುಗಾದಿ ದಿನ? ಅವ್ವಾರೂ?”

“ಆಕೀಗೆ ಪಕ್ಷಿ ಅಂದ್ರ ಪ್ರಾಣ.”

“ಇರಲಿ ಬಿಡ್ರಿ. ನೀವರೆ ಇರ್ತೀರಲ್ಲ.”

ಮೂವತ್ತೊಂದು ವರ್ಷ ಸ್ಟೋರ್ಸಿನಲ್ಲಿದ್ದವರಿಗೆ ತಪಾಸಣೆಯ ದಿನ ಏನು ನಡೆಯುತ್ತದೆ ಎಂದು ಗೊತ್ತಿರಬೇಕಿತ್ತು. ಪುಸ್ತಕದಲ್ಲಿ ಆರು ಸಾಮಾನು ಬರೆದಿದ್ದರೆ ಗೋದಾಮಿನಲ್ಲೂ ಆರು ಇರಬೇಕು. ಭಾನುವಾರ ಬೆಳಿಗ್ಗೆ ಅಯಾಜ ಬಾಗಿಲಲ್ಲಿ ಚಪ್ಪಲಿ ಬಿಟ್ಟಾಗ ಅಲ್ಲಿದ್ದದ್ದು ಇನ್ನೊಂದೇ ಜೋಡಿ. ಹಗ್ಗದ ಮೇಲೆ ಒಂದು ಟವೆಲ್ಲು. ಪಡಸಾಲೆಯಲ್ಲಿ ಒಂದು ಕುರ್ಚಿ. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಲೋಟ, ಒಂದು ತಟ್ಟೆ, ಒಂದು ಮುಷ್ಟಿ ಬೇವು-ಬೆಲ್ಲ. ಮಹಾಂತಪ್ಪನವರು ಎಲ್ಲವನ್ನೂ ಅಯಾಜನ ಕಣ್ಣಿನಿಂದ ಈಗ ಮೊದಲ ಸಲ ನೋಡಿದರು.

ಅಯಾಜ ಚೀಲ ಬಿಚ್ಚಿದ. ಕಂಪನಿಯವರಿಂದ ಇಸಿದುಕೊಂಡಿದ್ದ ಡಬ್ಬಿಯನ್ನು ಗೋಡೆಗೆ ಹಚ್ಚಿ ವೈರು ಸಿಕ್ಕಿಸಿದ, ಮೊದಲ ತುಂಡನ್ನು ಪಡಸಾಲೆಯಲ್ಲಿ ಜೋಡಿಸಿದ. ಹಸಿರು ದೀಪ ಹತ್ತಿತು. ಎರಡನೆಯ ತುಂಡನ್ನು ಕೈಯಲ್ಲಿ ಹಿಡಿದು “ಅವ್ವಾರ ಖೋಲಿ ಇದ ಏನ್ರಿ?” ಎನ್ನುತ್ತ ಹಿಂದಿನ ಬಾಗಿಲು ತಳ್ಳಿದ.

ಮಡಚಿಟ್ಟ ಹಾಸಿಗೆ. ಗೋಡೆಯಲ್ಲಿ ಸತ್ತೆವ್ವನ ಫೋಟೋ, ಫೋಟೋಕ್ಕೆ ಹಬ್ಬದ ಹೊಸ ಹಾರ.

ಅಯಾಜ ಹೊಸ್ತಿಲಲ್ಲೇ ನಿಂತ. ಮಹಾಂತಪ್ಪನವರು ಅವನ ಬೆನ್ನ ಹಿಂದೆ ನಿಂತು ಏನಾದರೂ ಹೇಳಬೇಕೆಂದು ಬಾಯಿ ತೆರೆದರು. ಭಾವಮೈದುನನೂ ನೆರವಿಗೆ ಬರಲಿಲ್ಲ.

ಅಯಾಜ ಕಿಸೆಯಿಂದ ಮೊಬೈಲ್ ತೆಗೆದು ಕೋಣೆಯ ಕಡೆ ಹಿಡಿದ. “ಸಿಗ್ನಲ್ ಇಲ್ಲಿ ತನಕ ಚಲೋನ ಬರಾಕತ್ತೈತಿ ಕಾಕಾ. ಇನ್ನೊಂದು ಬ್ಯಾಡ. ಒಂದ ಸಾಕು.”

“ಸಾಕೇನು?”

“ಸಾಕ್ರಿ. ಸುಮ್ನ ನಿಮಗ ಭಾರ. ಇದನ್ನ ವಾಪಸ್ ಒಯ್ತೇನಿ.”

ಬಾಗಿಲೆಳೆದುಕೊಂಡು ಬಂದು ಮಹಾಂತಪ್ಪನವರ ಮೊಬೈಲಿಗೆ ಪಾಸ್‌ವರ್ಡ್ ಹಾಕಿಕೊಟ್ಟ. ಉಳಿದವರ ಮೊಬೈಲಿನ ಮಾತು ಎತ್ತಲಿಲ್ಲ. ಬೇವು-ಬೆಲ್ಲ ಕೊಟ್ಟರೆ, “ರೋಜಾ ಐತಿ, ಸಂಜೀಗೆ ತಿಂತೇನಿ” ಎಂದು ಕಾಗದದಲ್ಲಿ ಕಟ್ಟಿಸಿಕೊಂಡು ಕಿಸೆಗೆ ಹಾಕಿಕೊಂಡ. ಅವನ ಬೈಕು ತಿರುವು ದಾಟಿದ ಮೇಲೆ ಮಹಾಂತಪ್ಪನವರು ಕುರ್ಚಿಯಲ್ಲಿ ಕೂತು ವೈಫೈಯಲ್ಲಿ ಏನು ನೋಡುವುದೆಂದು ಯೋಚಿಸಿದರು. ಕುಸ್ತಿ ಹಚ್ಚಿದರು, ತೆಗೆದರು. ಭಜನೆ ಹಚ್ಚಿ ಹಿಂದಿನ ಕೋಣೆಯ ಬಾಗಿಲು ಅರ್ಧ ತೆರೆದಿಟ್ಟರು. ಸ್ವಲ್ಪ ಹೊತ್ತಿಗೆ ತಮಗೇ ನಾಚಿಕೆಯಾಗಿ ಅದನ್ನೂ ತೆಗೆದರು.

ಸೋಮವಾರ ಮಧ್ಯಾಹ್ನ ಗೇಟಿನ ಮುಂದೆ ಬೈಕು ನಿಂತಿತು. ಹೊಸ ಜುಬ್ಬಾ ತೊಟ್ಟಿದ್ದ ಅಯಾಜ ಇಳಿಯಲಿಲ್ಲ, ಒಂದು ಡಬ್ಬಿ ಚಾಚಿದ.

“ಸುರಕುರಮಾ ಕಾಕಾ. ಮನ್ಯಾಗ ಬೀಗರು ಬಂದಾರ, ಒಳಗ ಬರಾಕ ಟೈಮಿಲ್ಲ. ಬಿಸಿ ಐತಿ, ಈಗ ತಿನ್ರಿ.”

“ಅತ್ತಿವೇರಿಯಿಂದ ಇನ್ನೂ ಯಾರೂ—”

“ಬರಲಿ ಬಿಡ್ರಿ. ನೀವು ತಿನ್ರಿ.”

ಬೈಕು ಹೋದ ಮೇಲೆ ಡಬ್ಬಿಯನ್ನು ಅಂಗೈಯಲ್ಲಿಟ್ಟು ನೋಡಿದರು. ಕಣ್ಣಳತೆಯಲ್ಲಿ ಅವರನ್ನು ಸೋಲಿಸುವವರು ಸ್ಟೋರ್ಸಿನಲ್ಲಿ ಯಾರೂ ಇರಲಿಲ್ಲ. ಹಬ್ಬದ ದಿನ ಆರು ಮಂದಿಯ ಮನೆಗೆ ಯಾರೂ ಇಂಥ ಡಬ್ಬಿ ಕಳಿಸುವುದಿಲ್ಲ. ಇದು ಒಬ್ಬನ ಡಬ್ಬಿ. ತುಂಬ ಒಳ್ಳೆಯವನು ತುಂಬ ನೋಡಿ ಆರಿಸಿದ, ಒಬ್ಬನ ಡಬ್ಬಿ. ಅವರ ಕಿವಿ ಬಿಸಿಯಾಯಿತು. ತಿನ್ನಬಾರದು ಎಂದುಕೊಂಡರು. ಆಮೇಲೆ ಆ ಶಾವಿಗೆಯ ಪಾಯಸವನ್ನು ನಿಂತಲ್ಲೇ ತಿಂದರು. ತಳದ ಖರ್ಜೂರದ ಚೂರನ್ನೂ ಬೆರಳಿನಿಂದ ಬಳಿದು ತಿಂದರು. ಒಂದು ಚಮಚೆಯೂ ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ.

ಹಬ್ಬದ ಡಬ್ಬಿಯನ್ನು ಖಾಲಿ ತಿರುಗಿಸುವ ಹಾಗಿಲ್ಲ. ಮಂಗಳವಾರ ಬೆಳಿಗ್ಗೆ ಶೇಂಗಾ ಹುರಿದು, ಬೆಳ್ಳುಳ್ಳಿ, ಕೆಂಪು ಖಾರ ಹಾಕಿ, ಸತ್ತೆವ್ವನ ಒರಳಿನಲ್ಲಿ ಚಟ್ನಿ ಕುಟ್ಟಿದರು. ಅವ್ವನಿಂದ ಬಂದ ಸವದತ್ತಿ ಕಡೆಯ ಕೈ, ಕಣ್ಣಲ್ಲಿ ನೀರು ಬರುವಂಥ ಖಾರ. ಡಬ್ಬಿಗೆ ಒತ್ತಿ ತುಂಬಿಕೊಂಡು ಅಂಗಡಿಗೆ ಹೋದರೆ ಬಾಗಿಲು ಹಾಕಿತ್ತು.

“ಅಯಾಜ ಬರೂದು ಗುರುವಾರರೀ” ಎಂದ ಬಾಜೂ ಅಂಗಡಿಯಿಂದ ಮಹಾಬಳೇಶ್ವರ. “ಏನೈತಿ ಡಬ್ಬ್ಯಾಗ?”

“ಶೇಂಗಾ ಚಟ್ನಿ. ಸಾಲೂದಿಲ್ಲೇನೋ. ಅವರ ಮನ್ಯಾಗ ಮಂದಿ ಭಾಳ ಏನು?”

ಮಹಾಬಳೇಶ್ವರ ಚಹಾ ಸೋಸುವುದನ್ನು ನಿಲ್ಲಿಸಿ ನಕ್ಕ. “ಅಲ್ರೀ ಸಾಹೇಬ್ರ, ಒಂದ ತಿಂಗಳ ಅವನ ಕುರ್ಚಿ ಸವೆಸಿದ್ರಿ. ನಿಮ್ಮ ಭಾವಮೈದುನನ ಸುದ್ದಿ ಇಡೀ ಬಜಾರಕ್ಕ ಗೊತ್ತೈತಿ. ಅವನ ಮನ್ಯಾಗ ಯಾರ ಅದಾರ ಅಂತ ನೀವು ಕೇಳಲೇ ಇಲ್ಲೇನು?”

ಮಹಾಂತಪ್ಪನವರು ಡಬ್ಬಿಯ ಮುಚ್ಚಳ ನೋಡಿದರು.

“ಅವಾ, ಹೆಣ್ತಿ ಮೆಹರೀನ, ಎರಡು ಹುಡುಗ್ರು. ಮತ್ತ ಅವರವ್ವ ದಿಲಶಾದಬಿ. ಆಕಿ ಹಾಸಿಗೆ ಹಿಡದು ಎರಡ ವರ್ಷ ಆತು. ಹಿಂದಿನ ಖೋಲ್ಯಾಗ ಇರ್ತಾಳ. ಮಾತಿಲ್ಲ, ಎದ್ದಕುಂದ್ರೂದಿಲ್ಲ. ಅವಾ ಮಧ್ಯಾಹ್ನ ಅಂಗಡಿ ಮುಚ್ಚಿ ಓಡ್ತಾನಲ್ಲ, ಆಕೀಗೆ ಉಣಿಸಾಕ.”

ಮಕ್ಕೊಂಡಲ್ಲೇ ನೋಡುತ್ತಾರೋ, ಕುಂತು ನೋಡುತ್ತಾರೋ ಎಂದು ಕೇಳಿದ್ದ ಅಯಾಜ. ಪ್ರತಿ ದಿನವೂ ಏನಾದರೊಂದು ಕೇಳಿದ್ದ, ಅವ್ವಾರು ರಾತ್ರಿ ಮಲಗುತ್ತಾರೇನು, ಬೇಸರ ಮಾಡಿಕೊಳ್ಳುತ್ತಾರೇನು ಎಂದು. ಮಹಾಂತಪ್ಪನವರು ಎಲ್ಲದಕ್ಕೂ ಠೀವಿಯಿಂದ ಉತ್ತರ ಕೊಟ್ಟಿದ್ದರು.

“ನನ್ನ ಕಡೆ ಇಟ್ಟ ಹೋಗ್ರಿ, ಅವಾ ಬಂದಾಗ ಕೊಡ್ತೇನಿ” ಎಂದು ಮಹಾಬಳೇಶ್ವರ ಕೈ ಚಾಚಿದ.

“ಬ್ಯಾಡ.”

“ಯಾಕ? ತಿಂದಬಿಡ್ತೇನೇನು?”

“ಆಕೀಗೆ ಖಾರ ನಡಿಯಂಗಿಲ್ಲ” ಎಂದರು ಮಹಾಂತಪ್ಪನವರು. “ಖಾರ ಬಿಟ್ಟು, ಬೆಲ್ಲ ಹಾಕಿ, ಮೆತ್ತಗ ಇನ್ನೊಮ್ಮೆ ಕುಟ್ಟಬೇಕು. ಗುರುವಾರ ನಾನ ಬರ್ತೇನಿ.”

ಡಬ್ಬಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು, ಹೋಗುವ ದಾರಿಯಲ್ಲಿ ಅರ್ಧ ಕಿಲೋ ಬೆಲ್ಲ ಕೊಂಡರು. ಮೊದಲು ಸಿಕ್ಕ ಅಂಗಡಿಯಲ್ಲೇ ಕೊಂಡರು.