ತವರಿಗೆ ಬಂದ ಕೋಳಿ

ನಮ್ಮ ಹೊಳೆಮ್ಮಜ್ಜಿಯ ಬಗ್ಗೆ ಯಾರೂ ಎರಡು ಸಾಲು ಬರೆದಿಲ್ಲ. ಬರೆಯಬಲ್ಲವರೆಲ್ಲ ಹಂಪಿಯಲ್ಲಿ ಕುಳಿತು ರಾಜರ ಆನೆಗಳನ್ನು ಎಣಿಸುತ್ತಿದ್ದಾರೆ, ಎಣಿಸಲಿ ಬಿಡಿ. ಆಕೆ ನಮ್ಮಜ್ಜ ಎರ್ರಿಯಪ್ಪನ ತಂಗಿ, ಹಂಪಿ ಪಕ್ಕದ ನಮ್ಮೂರು ಮಲಪನಗುಡಿಯಲ್ಲಿ ಹುಟ್ಟಿದವಳು. ನಮ್ಮಜ್ಜ ಮಹಾ ಜಿಪುಣ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಗಂಡ ಸತ್ತ ಮೇಲೆ ಹೊಳೆಮ್ಮ ಸಂಡೂರಿನ ಗುಡ್ಡದ ಮೇಲೆ, ರಾಮನದುರ್ಗದಲ್ಲಿ, ಒಬ್ಬ ಇಂಗ್ಲಿಷ್ ದೊರೆಯ ಬಂಗಲೆಗೆ ನೀರು ಹೊರುತ್ತಿದ್ದಳು. ಆ ದೊರೆಗೆ ಕೋಳಿ ಸಾಕುವ ಹುಚ್ಚು. ಬೋಳು ತಲೆಯ, ಕತ್ತಿನಲ್ಲಿ ಕೆಂಪು ತೊಗಲು ಜೋತಾಡುವ, ಕುರಿಮರಿಯಷ್ಟು ಭಾರದ ಒಂದು ಜಾತಿಯನ್ನು ಹಡಗಿನಲ್ಲಿ ತರಿಸಿದ್ದ. ದೊರೆ ಅದನ್ನು ಟರ್ಕಿ ಎನ್ನುತ್ತಿದ್ದ, ಅದು ಒಂದು ದೇಶದ ಹೆಸರು. ಗೋವೆಯ ಅಡುಗೆಯವನು ಪೇರು ಎನ್ನುತ್ತಿದ್ದ, ಅದೂ ಇನ್ನೊಂದು ದೇಶದ ಹೆಸರೇ. ಜರ್ಮನಿಯ ಯುದ್ಧ ಶುರುವಾಗಿ ದೊರೆ ಗಂಟುಮೂಟೆ ಕಟ್ಟಿದಾಗ ಉಳಿದಿದ್ದು ಒಂದೇ ಹೇಂಟೆ. ಮರಿಯಿದ್ದಾಗಿನಿಂದ ನುಚ್ಚು ತಿನ್ನಿಸಿದವಳು ಹೊಳೆಮ್ಮ, ಅದು ಅವಳ ಸೆರಗು ಬಿಟ್ಟು ಕದಲುತ್ತಿರಲಿಲ್ಲ. ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಗುಡ್ಡ ಇಳಿದು ತವರಿಗೆ ಬಂದಳು.

ತವರಿಗೆ ಬಂದ ಹೆಣ್ಣುಮಗಳಿಗೆ ಉಡಿ ತುಂಬುವುದು ನಮ್ಮ ಕಡೆಯ ಪದ್ಧತಿ. ಸೆರಗಿನೊಳಗೆ ಅಕ್ಕಿ, ಕೊಬ್ಬರಿ ಬಟ್ಟಲು, ರವಿಕೆಗೆಂದು ಕುಬಸದ ಕಣ ಹಾಕಿದರೆ ನೀನು ಈ ಮನೆಯ ಮಗಳು ಎಂದು ಹೇಳಿದ ಹಾಗೆ. ಗಂಡ ಸತ್ತವಳಿಗೆ ಅದೂ ಇಲ್ಲ, ಎಂಥ ದರಿದ್ರ ಪದ್ಧತಿ ನೋಡಿ. ಅಣ್ಣ ಅವಳಿಗೆ ದನದ ಕೊಟ್ಟಿಗೆಯ ಮೂಲೆ ತೋರಿಸಿದ. ರೊಟ್ಟಿ ಅಲ್ಲಿಗೇ ಹೋಗುತ್ತಿತ್ತು. ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ. ಅವಳಿಗೆ ತನ್ನದು ಅಂತ ಉಳಿದದ್ದು ಆ ಕೋಳಿ ಒಂದೇ.

ಅದಕ್ಕೂ ಮೊದಲು ನಮ್ಮಜ್ಜ ಒಂದು ಜಾಣತನ ಮಾಡಿದ್ದ. ಅವನ ಎತ್ತು ಕುಂಟತೊಡಗಿದಾಗ, ಕಾಲು ನೆಟ್ಟಗಾದರೆ ಊರಿನಲ್ಲಿರುವ ಎಲ್ಲಕ್ಕಿಂತ ದೊಡ್ಡ ಕೋಳಿ ಕೊಡುತ್ತೇನೆಂದು ಊರಮ್ಮನಿಗೆ ಹರಕೆ ಹೊತ್ತಿದ್ದ. ಅಮ್ಮ ಕುರಿಯನ್ನು ಕೇಳಬಾರದಲ್ಲ, ಅದಕ್ಕೆ. ಆಗ ಊರಿನ ದೊಡ್ಡ ಕೋಳಿ ಎಂದರೆ ತೆಂಗಿನಕಾಯಿಗಿಂತ ಚೂರು ದಪ್ಪ. ಎತ್ತಿನ ಕಾಲು ನೆಟ್ಟಗಾಯಿತು, ಅಷ್ಟರಲ್ಲಿ ತಂಗಿಯ ಕೋಳಿ ಊರು ಹೊಕ್ಕಿತು. ಊರಿಗೆ ಊರೇ ಕಿಸಕ್ಕನೆ ನಕ್ಕಿತು. ಅಜ್ಜನಿಗೆ ಮಾತ್ರ ನಗು ಬರಲಿಲ್ಲ, ಅಮ್ಮನಿಗೆ ಮೋಸ ಮಾಡಿದರೆ ಎತ್ತು ಮತ್ತೆ ಕುಂಟುತ್ತದೆ ಎಂಬ ಭಯ. ಕೋಳಿ ಕೊಡು ಎಂದ. ಹೊಳೆಮ್ಮ ಆಗುವುದಿಲ್ಲ ಎಂದಳು.

ಮಾತು ಪೂಜಾರಿ ಗಾದಿಲಿಂಗಪ್ಪನ ಹತ್ತಿರ ಹೋಯಿತು. ಹೊಳೆಮ್ಮ ಗುಡಿಕಟ್ಟೆಯ ಕೆಳಗೆ ನಿಂತು ಪಟ್ಟು ಹಾಕಿದಳು. ಇದು ನಮ್ಮೂರಿನ ಕೋಳಿಯೇ ಅಲ್ಲ, ದೊರೆ ಇದನ್ನು ಟರ್ಕಿ ಅನ್ನುತ್ತಾನೆ, ಗೋವೆಯವನು ಪೇರು ಅನ್ನುತ್ತಾನೆ, ಮೊನ್ನೆ ಬಂದ ತೆಲುಗು ಬಳೆಗಾರ ಕೂಡ ಸೀಮಕೋಡಿ ಅಂದ, ಅಂದರೆ ಪರದೇಶದ ಕೋಳಿ, ನಮ್ಮದು ಅಂದವನು ಒಬ್ಬನಾದರೂ ಇದ್ದಾನೆಯೇ ಎಂದು ಕೇಳಿದಳು. ಕೊನೆಗೆ ಪೂಜಾರಿಯ ಮಾತನ್ನೇ ಅವನಿಗೆ ತಿರುಗಿಸಿದಳು.

"ಗುಡಿಯಾಗ ಸೀಮೆಎಣ್ಣಿ ದೀಪಾನ ಬ್ಯಾಡ ಅಂತಿ. ಅಮ್ಮ ಸೀಮಿ ಕೋಳಿ ತಿಂತಾಳೇನು?"

ಗಾದಿಲಿಂಗಪ್ಪ ತಲೆ ಕೆರೆದುಕೊಂಡ. ಗುಡಿಯಲ್ಲಿ ಹರಳೆಣ್ಣೆ ಬಿಟ್ಟು ಬೇರೆ ದೀಪ ಇಲ್ಲ, ಅದು ನಿಜ. ಹೊರಗಿನದಾದರೆ ಬೇಡ, ನಮ್ಮದಾದರೆ ಮಂಗಳವಾರ ಕೊಡಲೇಬೇಕು, ಯಾರಾದರೂ ತಿಳಿದವರು ಸಾಕ್ಷಿ ಹೇಳಲಿ ಎಂದ. ಹೊಳೆಮ್ಮ ಗೆದ್ದೆ ಎಂದುಕೊಂಡಳು.

ಅಲ್ಲಿಗೇ ಸುಮ್ಮನಿದ್ದಿದ್ದರೆ ಏನು ಹೋಗುತ್ತಿತ್ತು? ಆದರೆ ಹೊಳೆಮ್ಮ ಸುಮ್ಮನಿರುವ ಜಾತಿಯಲ್ಲ. ಆಗ ಅದೇ ಯುದ್ಧದಲ್ಲಿ ಸೆರೆಸಿಕ್ಕ ಟರ್ಕಿಯ ಸಿಪಾಯಿಗಳನ್ನು ಬಳ್ಳಾರಿಯಲ್ಲಿ ಇಟ್ಟಿದ್ದರು. ಅವರ ಪೈಕಿ ನಾಲ್ಕಾರು ಅಧಿಕಾರಿಗಳು ಕಾವಲಿನೊಂದಿಗೆ ಹಂಪಿ ನೋಡಲು ಹೊರಟವರು ನೀರು ಕುಡಿಯಲು ನಮ್ಮೂರ ಬಾವಿಯ ಹತ್ತಿರ ಗಾಡಿ ನಿಲ್ಲಿಸಿದರು. ಸುದ್ದಿ ಕೇಳಿದ್ದೇ ತಡ, ಹೊಳೆಮ್ಮ ಪೂಜಾರಿಯನ್ನೂ ಅಣ್ಣನನ್ನೂ ಎಳೆದುಕೊಂಡು, ಕೋಳಿ ಹೊತ್ತುಕೊಂಡು ಓಡಿದಳು. ಟರ್ಕಿಯವನೇ ಟರ್ಕಿ ಕೋಳಿಯ ಗುರುತು ಹಿಡಿದರೆ ಮುಗಿಯಿತಲ್ಲ!

ಗಡ್ಡದ ಅಧಿಕಾರಿಯೊಬ್ಬ ಕೋಳಿಯನ್ನು ಕಂಡವನೇ ಎದ್ದು ನಿಂತ. ಮನೆಯವರನ್ನೇ ಕಂಡವನ ಹಾಗೆ ಎರಡೂ ಕೈ ಚಾಚಿ, "ಹಿಂದಿ! ಹಿಂದಿ!" ಎಂದು ಅದರ ಬೆನ್ನು ಸವರಿದ. ಅವನ ಕಣ್ಣಲ್ಲಿ ನೀರು ಬಂತು. ಕಾವಲಿನ ಜಮಾದಾರ ಅವನನ್ನು ಅರೆಬರೆ ಮಾತಿನಲ್ಲಿ ಕೇಳಿ ತಿಳಿದುಕೊಂಡು, ಇವನ ಊರಿನ ಮನೆಯಲ್ಲಿ ಇಂಥವು ಹಿಂಡು ಇದ್ದವಂತೆ, ಅವರ ದೇಶದಲ್ಲಿ ಇದನ್ನು ಹಿಂದಿ ಎನ್ನುತ್ತಾರಂತೆ ಎಂದ. ಹಿಂದಿ ಎಂದರೆ ಹಿಂದೂಸ್ಥಾನದ್ದು.

ಅಷ್ಟೇ, ನಮ್ಮಜ್ಜ ತೊಡೆ ತಟ್ಟಿದ. ಹೊಳೆಮ್ಮ ತಾನೇ ಕರೆತಂದ ಸಾಕ್ಷಿ! ಪೂಜಾರಿ ಅಲ್ಲೇ ತೀರ್ಪು ಕೊಟ್ಟ, ಕೋಳಿ ನಮ್ಮ ನಾಡಿನದೇ, ಮಂಗಳವಾರ ತನ್ನಿ. ಅದು ಅಮೆರಿಕಾ ಎಂಬ ಇನ್ನೊಂದೇ ಕಡೆಯಿಂದ ಬಂದದ್ದೆಂದು ಈಗ ಎಲ್ಲರಿಗೂ ಗೊತ್ತು. ಒಬ್ಬೊಬ್ಬರೂ ಇನ್ನೊಬ್ಬರ ಕಡೆ ಕೈ ತೋರಿಸಿ ಹೆಸರಿಟ್ಟಿದ್ದಾರೆ, ಬುದ್ಧಿವಂತರು. ಅದನ್ನು ಅಂದು ಹೇಳಲು ಮಲಪನಗುಡಿಯಲ್ಲಿ ಯಾರೂ ಇರಲಿಲ್ಲ. ಹೊಳೆಮ್ಮ ಕೊಟ್ಟಿಗೆಗೆ ಹೋಗಿ ಕೋಳಿಯನ್ನು ತಬ್ಬಿಕೊಂಡು ಹೊಟ್ಟೆ ತುಂಬ ಅತ್ತಳು.

ಮಂಗಳವಾರ ಬೆಳಿಗ್ಗೆ ಗುಡಿಯ ಮುಂದೆ ಊರು ಸೇರಿತ್ತು. ಹೊಳೆಮ್ಮ ಕೋಳಿಯನ್ನು ತಾನೇ ಎತ್ತಿಕೊಂಡು ಬಂದಳು. ಅದರ ಬೋಳು ತಲೆಗೆ ಅರಿಶಿನ ಹಚ್ಚಿದ್ದಳು. ಕತ್ತಿಗೆ ಹಸಿರು ಕುಬಸದ ಕಣವನ್ನು ಸೆರಗಿನ ಹಾಗೆ ಇಳಿಬಿಟ್ಟು ಕಟ್ಟಿದ್ದಳು. ಜನ ನಗತೊಡಗಿದರು. ಅವಳು ಅಣ್ಣನ ಎದುರು ನಿಂತಳು.

"ದೇಶ ದೇಶ ತಿರುಗಿ ಹಿಂದಕ್ಕ ಬಂದೈತಿ ಇದು. ನಮ್ಮದ ಅಂತ ನೀವ ಹೇಳೀರಿ. ತವರಿಗೆ ಬಂದ ಮಗಳ್ನ ಯಾರರ ಕೊಯ್ತಾರೇನಣ್ಣಾ?"

ನಗು ನಿಂತಿತು. ಪೂಜಾರಿ ಕೈಯಲ್ಲಿದ್ದ ಕುಡುಗೋಲನ್ನು ಬೆನ್ನ ಹಿಂದೆ ಸರಿಸಿದ. ಮದುವೆಯಾಗಿ ಹೋದ ಮಗಳು ಬಾಗಿಲಿಗೆ ಬಂದಾಗ ಏನು ಮಾಡಬೇಕು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

"ನಾ ಉಡಿ ತುಂಬಂಗಿಲ್ಲ, ಗಂಡ ಸತ್ತಾಕಿ. ಅತ್ತಿಗಿ, ನೀ ಬಾ."

ಅತ್ತಿಗೆ ಎಂದರೆ ನಮ್ಮಜ್ಜಿ ಸುಂಕಮ್ಮ. ಗಂಡನ ಎದುರು ಎಂದೂ ತುಟಿ ಬಿಚ್ಚದವಳು. ಅಜ್ಜ ಅವಳನ್ನು ದುರುಗುಟ್ಟಿ ನೋಡಿದ. ಅವಳು ಅವನ ಕಡೆ ತಿರುಗಲೇ ಇಲ್ಲ. ಊರಮ್ಮನ ಉಡಿಗೆಂದು ತಂದಿದ್ದ ಮೊರದಿಂದ ಅಕ್ಕಿ ತೆಗೆದು ಆ ಹಸಿರು ಕಣದೊಳಗೆ ಹಾಕಿದಳು. ಕೋಳಿ ಕತ್ತು ಬಗ್ಗಿಸಿ ಆ ಅಕ್ಕಿಯನ್ನು ತಿನ್ನತೊಡಗಿತು. ಅಲ್ಲಿಗೆ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು. ಸುಂಕಮ್ಮ ಮತ್ತೆ ಮೊರಕ್ಕೆ ಕೈ ಹಾಕಿ ಬೊಗಸೆ ತುಂಬ ಅಕ್ಕಿಯನ್ನೂ ಕೊಬ್ಬರಿ ಬಟ್ಟಲನ್ನೂ ಎತ್ತಿ ಹೊಳೆಮ್ಮನ ಮುಂದೆ ನಿಂತಳು.

"ಸೆರಗು ಹಿಡಿ. ನೀನೂ ತವರಿಗೆ ಬಂದಾಕೀನ."

ಹೊಳೆಮ್ಮ ಸೆರಗು ಒಡ್ಡಿದಳು. ವಿಧವೆಗೆ ಉಡಿಯೇ ಎಂದು ಯಾರಾದರೂ ಕೇಳಬೇಕಿತ್ತು. ಕೋಳಿಗೆ ತುಂಬಿದ್ದನ್ನು ಕಣ್ಣಾರೆ ಕಂಡು ಒಪ್ಪಿದವರು ಏನೆಂದು ಕೇಳಿಯಾರು? ನಮ್ಮೂರಿನಲ್ಲಿ ಆ ಹಕ್ಕಿಗೆ ತವರುಕೋಳಿ ಎಂಬ ಹೆಸರು ಬಿದ್ದದ್ದು ಅವತ್ತೇ.

ಅಜ್ಜ ಹರಕೆಗೆ ತನ್ನ ಮನೆಯ ಹುಂಜವನ್ನೇ ಒಪ್ಪಿಸಿ, ಮೇಲೊಂದು ಕುರಿಯನ್ನು ತಪ್ಪುಕಾಣಿಕೆಯಾಗಿ ಕೊಟ್ಟ. ಗೊಣಗುತ್ತ ಎಲ್ಲರಿಗಿಂತ ಮುಂದೆ ಮನೆಗೆ ನಡೆದ. ಹೊಳೆಮ್ಮ ಸೆರಗಿನ ಗಂಟು ಹಿಡಿದುಕೊಂಡು ಅಭ್ಯಾಸದಂತೆ ಕೊಟ್ಟಿಗೆಯ ಕಡೆ ತಿರುಗಿದಳು. ಅವನು ಹೊಸ್ತಿಲಲ್ಲಿ ನಿಂತು ಅವಳನ್ನು ನೋಡಿದ. ಮುಖ ಇನ್ನೂ ಗಂಟು ಹಾಕಿಕೊಂಡೇ ಇತ್ತು.

"ಆ ಕಡಿ ಎಲ್ಲಿಗೆ ಹೊಂಟಿ? ಒಳಗ ಬಾ, ಉಣ್ಣು. ಆ ಕೋಳಿ ಮಾತ್ರ ಹೊರಗ ಇರ್ಲಿ."

ಅಷ್ಟರಲ್ಲಿ ಕೋಳಿ ಅವನ ಕಾಲ ಸಂದಿಯಲ್ಲಿ ನುಗ್ಗಿ ಒಳಗೆ ಹೋಗಿಯಾಗಿತ್ತು. ಅದರ ಹಿಂದೆ ಹೊಳೆಮ್ಮ ಹೋದಳು.