ಲೈಬ್ರರಿ ಮಹಡಿಯ ಹಸು

ನನ್ನ ಹೆಂಡತಿಯ ಮಾತು ನಿಂತು ಐದು ತಿಂಗಳಾಗಿದ್ದಾಗ ನಾನು ತಿ. ನರಸೀಪುರದ ಲೈಬ್ರರಿಗೆ ಮೊದಲ ಸಲ ಹೋದೆ. ಅಲ್ಲಿಯವರೆಗೆ ನನಗೂ ಪುಸ್ತಕಕ್ಕೂ ಸಂಬಂಧವೇ ಇರಲಿಲ್ಲ. ನಂಜನಗೂಡಿನ ಪಕ್ಕದ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ ನನ್ನದು. ಅವಳು ನಮ್ಮೂರು ಹೆಡತಲೆಯ ಡೇರಿಯಲ್ಲಿ ಹಾಲು ಅಳೆಯುತ್ತಿದ್ದಳು. ಬೆಳಿಗ್ಗೆ, ಸಂಜೆ ಅರ್ಧ ಊರು ಅವಳ ಮುಂದೆ ಸಾಲು ನಿಲ್ಲುತ್ತಿತ್ತು. ಯಾರನ್ನೂ ಮಾತಾಡಿಸದೆ ಕಳಿಸಿದವಳಲ್ಲ.

ಒಂದು ಬೆಳಿಗ್ಗೆ ಹಾಲಿನ ಕ್ಯಾನಿನ ಪಕ್ಕದಲ್ಲೇ ಕುಸಿದಳು. ಲಕ್ವ. ಬಲಗೈ, ಬಲಗಾಲು ನಿಧಾನವಾಗಿ ಅಷ್ಟಿಷ್ಟು ಆಡತೊಡಗಿದವು. ಮಾತು ಮಾತ್ರ ಬರಲಿಲ್ಲ. ಏನು ಕೇಳಿದರೂ "ಅದೇ... ಅದೇ..." ಅನ್ನುವುದೊಂದೇ. ಹಸಿವಾದರೂ ಅದೇ, ಹೊಟ್ಟೆ ನೋವಾದರೂ ಅದೇ. ಅಂದುಕೊಂಡದ್ದು ಬಾಯಿಂದ ಬರುತ್ತಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು. ಅದನ್ನು ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ನಾನು ಕೆಲಸಕ್ಕೆ ಹೋದರೆ ಮನೆಯಲ್ಲಿ ನೋಡಿಕೊಳ್ಳುವವರಿರಲಿಲ್ಲ. ಹಾಗಾಗಿ ನರಸೀಪುರದಲ್ಲಿ ಅವಳ ಅಣ್ಣನ ಮನೆಯಲ್ಲಿ ಬಿಟ್ಟಿದ್ದೆ. ದಿನಾ ಚಿತ್ರ ತೋರಿಸಿ ಹೆಸರು ಹೇಳಿಸುತ್ತಿರಿ ಎಂದು ಮೈಸೂರಿನ ಡಾಕ್ಟರು ಹೇಳಿದ್ದರು. ಮೊಬೈಲಿನಲ್ಲಿ ತೋರಿಸಿದರೆ ತಲೆ ಹಿಡಿದುಕೊಂಡು ಮುಖ ತಿರುಗಿಸುತ್ತಿದ್ದಳು. ಆಗ ಅವಳಣ್ಣನೇ ಹೇಳಿದ್ದು: "ಲೈಬ್ರರೀಲಿ ಮಕ್ಕಳ ಬುಕ್ಕು ಅವೆ ಕಣ್ ಭಾವ, ಅಲ್ಗೆ ಕರ್ಕೊಂಡೋಗು."

ನೈಟ್ ಶಿಫ್ಟ್ ಮುಗಿದ ದಿನಗಳಲ್ಲಿ ನಿದ್ದೆ ಮಾಡದೆ ನೇರ ನಂಜನಗೂಡಿನಲ್ಲಿ ಬಸ್ಸು ಹತ್ತಿ ಬಂದು ಅವಳನ್ನು ಲೈಬ್ರರಿಗೆ ಕರೆದೊಯ್ಯುತ್ತಿದ್ದೆ. ಕೆಳಗೆ ಪೇಪರು ಓದುವ ಹಾಲ್, ಪುಸ್ತಕದ ಕಪಾಟು. ಮೂಲೆಯಲ್ಲಿ ಮಕ್ಕಳ ಮೇಜು. ನಾವಿಬ್ಬರೂ ಆ ಗಿಡ್ಡ ಕುರ್ಚಿಗಳ ಮೇಲೆ ಕೂರುತ್ತಿದ್ದೆವು. ಆನೆ, ಇಲಿ, ಈರುಳ್ಳಿ. ನಾನು ಬೆರಳಿಟ್ಟು ಹೇಳುವುದು, ಅವಳು ನನ್ನ ತುಟಿಯನ್ನೇ ನೋಡುವುದು, ಕೊನೆಗೆ "ಅದೇ." ಪೇಪರು ಓದುವ ಮುದುಕರು ಕನ್ನಡಕದ ಮೇಲಿಂದ ನಮ್ಮತ್ತ ನೋಡುತ್ತಿದ್ದರು. ಅವರಲ್ಲಿ ಒಬ್ಬರು ಅವಳ ತಂದೆಯ ಗೆಳೆಯರು. ಅವರನ್ನು ಕಂಡರೆ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಇದನ್ನೆಲ್ಲ ಗಮನಿಸಿದ್ದ ಲೈಬ್ರರಿ ಮೇಡಂ ಒಂದು ದಿನ ಬಂದು ಮೆಲ್ಲಗೆ ಹೇಳಿದರು: "ಮೇಲೆ ಮ್ಯೂಸಿಯಂ ಇದೆಯಲ್ಲ, ಅಲ್ಲಿಗೆ ಕರ್ಕೊಂಡ್ ಹೋಗಿ. ಯಾರೂ ಇರಲ್ಲ."

ಮೆಟ್ಟಿಲು ಹತ್ತಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಮೇಲೆ ಉದ್ದನೆಯ ಕೋಣೆ. ತೀರಿಕೊಂಡ ಡ್ರಾಯಿಂಗ್ ಮೇಷ್ಟ್ರೊಬ್ಬರ ಚಿತ್ರಗಳು ಗೋಡೆ ತುಂಬ ಇದ್ದವು. ಬದನವಾಳಿನಲ್ಲಿ ನೂಲು ತೆಗೆಯುವ ಹೆಂಗಸರು, ಕಪಿಲೆಯ ದೋಣಿ, ಕೊಟ್ಟಿಗೆ ಮುಂದೆ ನಿಂತ ಹಸು. ನಡುವಿನ ಮೇಜಿನ ಮೇಲೆ ಮೊರ, ಒನಕೆ, ಸೇರು, ಒಡೆದ ವೀರಗಲ್ಲು. ಮುಟ್ಟಬಾರದೆಂಬ ಬೋರ್ಡಿತ್ತು. "ಅವ್ರು ಮುಟ್ಲಿ ಬಿಡಿ" ಅಂದರು ಮೇಡಂ. ಅವಳು ಸೇರನ್ನು ಎಡಗೈಯಲ್ಲಿ ಎತ್ತಿ ಒಳಗೆ ನೋಡಿದಳು. ತುಟಿ ಆಡಿತು. ನಾನು ಬಾಗಿ ಕಿವಿಗೊಟ್ಟೆ. "ಅದೇ" ಎಂದು ಕೆಳಗಿಟ್ಟಳು.

ಹೀಗೆ ಎರಡು ತಿಂಗಳು. ರಜೆ ಜಾಸ್ತಿಯಾಯಿತೆಂದು ಸೂಪರ್‌ವೈಸರ್ ಎರಡು ಸಲ ಕರೆದು ಎಚ್ಚರಿಸಿದ್ದ. ಒಂದು ದಿನ ಬಸ್ಸಿನಲ್ಲಿ ಕೂತಿದ್ದಾಗ, ಅವಳು ಆವತ್ತೇ ಹೋಗಿಬಿಟ್ಟಿದ್ದರೆ ಇಬ್ಬರಿಗೂ ಬಿಡುಗಡೆಯಾಗುತ್ತಿತ್ತು ಎಂಬ ಯೋಚನೆ ಬಂತು. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ಅದೇ ದಿನ ಮಹಡಿಯಲ್ಲಿ ಹಸುವಿನ ಚಿತ್ರದ ಮುಂದೆ ಅವಳನ್ನು ನಿಲ್ಲಿಸಿದೆ.

"ಇದೇನು?"

"ಅದೇ."

"ಹಸ. ಹಸ ಅನ್ನು."

"ಅದೇ... ಅದೇ..."

ನನಗೆ ಏನಾಯಿತೋ. ಅವಳ ರಟ್ಟೆ ಹಿಡಿದು ಚಿತ್ರದ ಹತ್ತಿರಕ್ಕೆ ಎಳೆದೆ. "ಅಷ್ಟು ವರ್ಷ ಹಾಲು ಅಳೆದವಳು ನೀನು! ಒಂದು ಹಸ ಅನ್ನಕ್ಕಾಗಲ್ವೇನೇ? ಅನ್ನೇ! ಅನ್ನು!" ಕೆಳಗೆ ಕುರ್ಚಿ ಸರಿದ ಸದ್ದಾಯಿತು. ಮೇಡಂ ಓಡಿ ಬಂದು ಬಾಗಿಲಲ್ಲಿ ನಿಂತರು.

"ಕೈ ಬಿಡಿ, ಮೊದ್ಲು ಕೈ ಬಿಡಿ."

ಬಿಡುವ ಮುಂಚೆಯೇ ಅವಳು ಎಡಗೈಯಿಂದ ನನ್ನ ಎದೆಗೆ ತಳ್ಳಿದಳು.

"ತೂ! ಬಾಯ್ ಮುಚ್ಚಲಾ!"

ಸ್ಪಷ್ಟವಾಗಿ, ತಡವರಿಸದೆ. ನೀರು ಬೆರೆಸಿದ ಹಾಲು ತಂದವರನ್ನು ಗದರಿಸುತ್ತಿದ್ದ ದನಿ. ಮದುವೆಯಾದಾಗಿನಿಂದ ನನ್ನನ್ನು ಒಮ್ಮೆಯೂ ಏಕವಚನದಲ್ಲಿ ಕರೆದವಳಲ್ಲ. ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ. ನಾಚಿಕೆಗೋ ಸಂತೋಷಕ್ಕೋ ತಿಳಿಯದು. ಅವಳೂ ಬೆಚ್ಚಿ ಬಾಯಿ ಮುಟ್ಟಿಕೊಂಡಳು. ಇನ್ನೊಂದು ಸಲ ಹೇಳಲು ನೋಡಿದಳು. ಬಂದದ್ದು "ಅದೇ."

ಮೇಡಂ ಅವಳನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಟ್ಟರು. ನನ್ನ ಕಡೆ ತಿರುಗಿ, "ಇನ್ನೊಂದ್ಸಲ ಹಿಂಗೆ ಮಾಡಿದ್ರೆ ಒಳಗೆ ಬಿಡಲ್ಲ" ಎಂದರು. ತಲೆ ತಗ್ಗಿಸಿ ಆಗಲಿ ಎಂದೆ.

ಮಾರನೆಯ ವಾರ ಅವಳನ್ನು ಮೈಸೂರಿಗೆ ಕರೆದೊಯ್ದಾಗ ಡಾಕ್ಟರಿಗೆ ಹೇಳಿದೆ. ನನ್ನ ಉತ್ಸಾಹ ಕಂಡು ಅವರು ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡರು. "ಸಿಟ್ಟಲ್ಲಿ ಬರೋ ಬೈಗುಳ ತಾನಾಗೇ ಬಂದ್ಬಿಡುತ್ತೆ. ಬೇರೆ ಮಾತೂ ಹಂಗೇ ಬರುತ್ತೆ ಅಂತ ಇಟ್ಕೋಬೇಡಿ" ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಡಾಕ್ಟರು ಹೇಳಿದ್ದೆಲ್ಲ ಅವಳಿಗೂ ಕೇಳಿಸಿತ್ತು, ಅರ್ಥವೂ ಆಗಿತ್ತು.

ಆಮೇಲೆ ನಾನು ಹೆಸರು ಕೇಳುವುದನ್ನು ಬಿಟ್ಟೆ. ಬಿಡುವಾದಾಗ ಹೋಗುತ್ತೇವೆ, ಮಹಡಿಯ ಬೆಂಚಿನ ಮೇಲೆ ಕೂರುತ್ತೇವೆ. ಕೆಳಗಿಂದ ಪೇಪರು ತಂದು ಗಟ್ಟಿಯಾಗಿ ಓದುತ್ತೇನೆ. ಹಾಲಿನ ದರದ ಸುದ್ದಿ ಬಂದರೆ ಅವಳು ನನ್ನ ತೋಳು ತಟ್ಟುತ್ತಾಳೆ. ಇನ್ನೊಂದು ಸಲ ಓದಬೇಕು ಎಂದರ್ಥ. ವರ್ಷ ಕಳೆದಿದೆ. ಈಗ ನೀರು, ಬೇಡ, ಅಕ್ಕ, ಬಾ, ಹೀಗೆ ಬೆರಳೆಣಿಕೆಯ ಮಾತುಗಳಿವೆ. ಅವೂ ದಿನಾ ಬರುವುದಿಲ್ಲ.

ಕಳೆದ ಸಲ ದೋಣಿಯ ಚಿತ್ರದ ಮುಂದೆ ನಿಂತು "ಅಕ್ಕ" ಎಂದಳು. ಆ ಚಿತ್ರದಲ್ಲಿ ಮನುಷ್ಯರೇ ಇಲ್ಲ. ಅವಳಿಗೆ ಅಕ್ಕನೂ ಇಲ್ಲ. ನಾನು ಹೂಂ ಎಂದೆ. ಅವಳು ತಲೆ ಅಡ್ಡ ಆಡಿಸಿದಳು. ಅದಲ್ಲ, ತಪ್ಪು ಮಾತು ಬಂತು ಎಂದು. ಮತ್ತೆ ತುಟಿ ಕೂಡಿಸಿದಳು, ಕತ್ತಿನ ನರ ಉಬ್ಬಿತು. ಮೇಡಂ ಕೆಳಗೆ ಕಿಟಕಿ ಮುಚ್ಚುವ ಸದ್ದು ಕೇಳುವವರೆಗೂ ನಾವು ಅಲ್ಲೇ ನಿಂತಿದ್ದೆವು.