ನಾಲ್ಕು ಗೀಟು ಕಂಡರೆ ಗಿರಣಿ

ನಮ್ಮ ಕೆಂಪಣ್ಣ ಭಾವನಿಗೆ ನುಗ್ಗೇಹಳ್ಳಿಯಲ್ಲಿ ಮೋಟಾರ್ ವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ, ಅಂಗಡಿ. ಅಲ್ಲಿ ಕೈಕೆಲಸಕ್ಕೆ ನಾನು. ಸುತ್ತಲಿನ ತೆಂಗಿನ ತೋಟಗಳ ಬೋರ್‌ವೆಲ್ ಮೋಟಾರು ಸುಟ್ಟರೆ ಇವನೇ ಗತಿ. ಸುಟ್ಟ ಮೋಟಾರು ಕಂಡರೆ ಹಬ್ಬದೂಟ ಕಂಡವನಂತೆ ಕುಣಿಯುತ್ತಾನೆ. ಆದರೆ ಸ್ವಂತ ಹೆಂಡತಿಯ, ಅಂದರೆ ನಮ್ಮಕ್ಕ ಮುದ್ದಮ್ಮನ, ಹಿಟ್ಟಿನ ಗಿರಣಿಯ ಮೋಟಾರು ಸುಟ್ಟಾಗ ಮಾತ್ರ ‘ನಾಳೆ, ನಾಳೆ’ ಎಂದ. ಮನೆಯವರ ಕೆಲಸ ತಾನೇ!

ರಾಗಿ ತಂದವರೆಲ್ಲ ಬೇರೆ ಗಿರಣಿಗೆ ಹೋಗತೊಡಗಿದರು. ಅಕ್ಕ ಸೆರಗು ಸಿಕ್ಕಿಸಿ ಅಂಗಡಿಗೇ ಬಂದಳು.

“ನಾಳೆ ಮಧ್ಯಾನದ ಬಸ್ಸೊತ್ಗೆ ಮೋಟ್ರು ತಿರುಗ್ಲಿಲ್ಲ ಅಂದ್ರೆ ಚನ್ನರಾಯಪಟ್ಟಣಕ್ಕೆ ಕಳಿಸ್ಬುಡ್ತೀನಿ. ಊರೋರೆಲ್ಲ ನೋಡ್ಲಿ!”

ಹೆಂಡತಿಯೇ ಬೇರೆ ಅಂಗಡಿಗೆ ಹೋದರೆ ಮಾನ ಉಳಿಯುತ್ತದೆಯೇ? ಭಾವ ಕೂತು ತಂತಿ ಸುತ್ತಿಯೇ ಸುತ್ತಿದ.

ಮರುದಿನ ಮೋಟಾರಿನ ಪುಲ್ಲಿ ಗಾಲಿಯ ಮೇಲೆ, ನಡುವಿನಿಂದ ಅಂಚಿಗೆ, ಸೀಮೆಸುಣ್ಣದ ಒಂದು ಗೀಟೆಳೆದ. ಷಟರ್ ಅರ್ಧ ಇಳಿಸಿ, ಹಳೆಯ ಟ್ಯೂಬ್‌ಲೈಟಿನ ಕೆಳಗೆ ಮೋಟಾರು ಓಡಿಸಿದ. ಆ ದೀಪ ನಮಗೆ ಕಾಣದಂತೆ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ. ಹಾಗಾಗಿ ತಿರುಗುವ ಗೀಟು ನಿಂತಂತೆ ತೋರುತ್ತದೆ. ನಿಮಿಷಕ್ಕೆ ಹೆಚ್ಚುಕಡಿಮೆ ಸಾವಿರದೈನೂರು ಸುತ್ತಾದರೆ ಸುತ್ತಿಗೆ ನಾಲ್ಕು ಮಿಣುಕು, ಆಗ ಒಂದು ಗೀಟು ನಾಲ್ಕಾಗಿ ಕಾಣುತ್ತದೆ, ಮೂರು ಸಾವಿರವಾದರೆ ಎರಡಾಗಿ. ಗಿರಣಿಗೆ ನಾಲ್ಕು ಬೇಕು.

ಕಂಡದ್ದು ಎರಡೇ!

“ಕೆಟ್ಟೆ ಕಣ್ಲಾ! ನೂರಿಪ್ಪತ್ತು ಇಂಟು ಕರೆಂಟಿನ ಐವತ್ತು ಸೈಕಲ್ಲು, ಅದ್ನ ಎರಡು ಪೋಲಿಂದ ಭಾಗ್ಸು, ಮೂರ್ ಸಾವ್ರ! ಇಂಗೆ ತಿರುಗಿದ್ರೆ ರಾಗಿ ಸೀದೋಯ್ತದೆ. ನಾಲ್ಕು ಪೋಲು ಬೇಕಿತ್ತು!”

ಪೋಲು ಅಂದರೆ ತಂತಿಯ ಸುತ್ತಿನಿಂದ ಮೂಡುವ ಆಯಸ್ಕಾಂತದ ಧ್ರುವ; ಅದು ಹೆಚ್ಚಿದಷ್ಟೂ ವೇಗ ಕಡಿಮೆ. ಬೋರ್‌ವೆಲ್ ಮೋಟಾರುಗಳಿಗೆ ಎರಡೇ ಪೋಲು. ರೂಢಿ ಬಿದ್ದ ಕೈ ಗಿರಣಿಯ ಮೋಟಾರಿಗೂ ತಂತಿಯ ತುದಿಗಳನ್ನು ಹಾಗೆಯೇ ಕೂಡಿಸಿಬಿಟ್ಟಿತ್ತು. ಅಷ್ಟರಲ್ಲಿ ರಸ್ತೆಯಲ್ಲಿ ಹಾರನ್ನು! ಅಕ್ಕ ಆಗಲೇ ಬಸ್ಸಿಗೆ ಕೈ ಅಡ್ಡ ಹಿಡಿದಿದ್ದಳು; ಡ್ರೈವರ್ ಟೀ ಕುಡಿಯಲು ಇಳಿದ.

ಭಾವ ಮೋಟಾರು ನಿಲ್ಲಿಸಿ ತುದಿಗಳನ್ನು ಕತ್ತರಿಸಿದ, ಅದಲುಬದಲು ಮಾಡಿ ಬೆಸೆದ. ಸ್ವಿಚ್ಚು ಹಾಕಿದ. ಗೀಟು ಮಸುಕಾಯಿತು, ಕದಡಿತು, ಆಮೇಲೆ ನಿಧಾನವಾಗಿ ಕೂಡಿಸುವ ಚಿಹ್ನೆಯಂತೆ ನಿಂತಿತು.

“ನಾಲ್ಕು! ನಾಲ್ಕು ಕಣ್ಲಾ!” ಅವನ ಜೊತೆ ನಾನೂ ಕುಣಿದೆ.

“ಮೋಟ್ರು ಏರಿಸ್ತೀರೇನಕ್ಕಾ?” ಕಂಡಕ್ಟರ್ ಕೂಗಿದ.

ಅಕ್ಕ ಷಟರಿನ ಕೆಳಗೆ ಬಗ್ಗಿ, ತಿರುಗುವ ಪುಲ್ಲಿಯನ್ನು ನೋಡಿದಳು. ತುಟಿ ಆಡಿಸುತ್ತಾ ಗೀಟುಗಳನ್ನು ಎಣಿಸಿದಳು.

“ನೀವು ಓಗ್ರಪ್ಪ. ನಮ್ಮನೇಲೇ ಮೇಸ್ತ್ರಿ ಅವ್ರೆ.”

ಮದುವೆಯಾದಾಗಿನಿಂದ ಅಕ್ಕನ ಬಾಯಲ್ಲಿ ಆ ಮಾತು ಬಂದದ್ದು ಅದೇ ಮೊದಲು. ಭಾವ ಸ್ವಿಚ್ಚು ಆರಿಸುವುದನ್ನೇ ಮರೆತು ನಿಂತುಬಿಟ್ಟ.